ನೋ-ಬ್ರೇನರ್: ಯೋಚಿಸಬೇಕಿಲ್ಲದ ಆಯ್ಕೆಗೊಂದು ಇಂಗ್ಲಿಷ್ ನುಡಿಗಟ್ಟು

‘ನೋ-ಬ್ರೇನರ್’ ಎಂಬುದು ಅಮೆರಿಕದ ಆಡುಮಾತಿನಲ್ಲಿ ಹುಟ್ಟಿದ ನಾಮಪದ. ಉತ್ತರ ಎದುರಿಗೇ ನಿಚ್ಚಳವಾಗಿದ್ದು, ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲದ ತೀರ್ಮಾನಕ್ಕೆ ಈ ಹೆಸರು. 1950ರ ದಶಕದ ಕೊನೆಯ ಹೊತ್ತಿಗೆ ಅಚ್ಚಿನಲ್ಲಿ ಕಾಣಿಸಿಕೊಂಡ ಈ ಮಾತು ಮುಂದೆ ಕ್ರೀಡೆ, ವ್ಯಾಪಾರ ಹಾಗೂ ರಾಜಕಾರಣದ ಭಾಷೆಗೆ ಸೇರಿತು. ನಮ್ಮ ನಗರಗಳ ಕಚೇರಿಗಳ ಬೆರಕೆ ಮಾತಿನಲ್ಲೂ ಈಗ ಅದು ಅಪರೂಪವಲ್ಲ.

ಪದಶಃ ಅನುವಾದಿಸಿದರೆ ‘ಮೆದುಳಿಲ್ಲದವನು’ ಎಂಬ ಬೈಗುಳವಾಗಿಬಿಡುವ ಅಪಾಯವಿದೆ. ಇಲ್ಲಿ ಮೆದುಳಿಲ್ಲದಿರುವುದು ವ್ಯಕ್ತಿಗಲ್ಲ. ಮೆದುಳಿಗೆ ಕೆಲಸವಿಲ್ಲದಿರುವುದು ಪ್ರಶ್ನೆಯಲ್ಲಿ. ಸುಲಭವಾದ ಕೆಲಸಕ್ಕೂ ಈ ಮಾತು ಸಲ್ಲದು. ‘ನೀರು ಕುಡಿದಷ್ಟು ಸಲೀಸು’ ಎಂದು ನಾವು ಹೇಳುವುದು ಮಾಡುವ ಕೆಲಸವನ್ನು ಕುರಿತು. ನೋ-ಬ್ರೇನರ್ ಹೇಳುವುದು ಆರಿಸಿಕೊಳ್ಳುವ ನಿರ್ಧಾರವನ್ನು ಕುರಿತು. ಆರಿಸಿದ ಮೇಲಿನ ಕೆಲಸ ಬೆವರಿಳಿಸುವಂಥದ್ದೂ ಆಗಿರಬಹುದು.

ಕನ್ನಡದಲ್ಲಿ ಇದಕ್ಕೆ ಸರಿಸಾಟಿಯಾದ ಒಂದೇ ಪದವಿಲ್ಲ, ನುಡಿಗಟ್ಟುಗಳಿಗೆ ಕೊರತೆಯೂ ಇಲ್ಲ. ‘ಎರಡು ಮಾತಿಲ್ಲ’, ‘ಕಣ್ಣುಮುಚ್ಚಿ ಒಪ್ಪಬಹುದು’, ‘ಮೀನಮೇಷ ಎಣಿಸುವಂತಿಲ್ಲ’ ಎಂಬುವು ಹತ್ತಿರ ಬರುತ್ತವೆ. ಮೂರನೆಯದು ಜ್ಯೋತಿಷಿಯ ರಾಶಿ ಎಣಿಕೆಯಿಂದ ಬಂದು ಅನುಮಾನ, ವಿಳಂಬಗಳಿಗೆ ಹೆಸರಾದ ಮಾತು. ಅದರ ನಿಷೇಧರೂಪವೇ ಇಂಗ್ಲಿಷ್ ನುಡಿಗೆ ಅತ್ಯಂತ ಸಮೀಪದ್ದೆನ್ನಬಹುದು. ‘ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?’ ಎಂಬ ಗಾದೆಯನ್ನು ಅನೇಕರು ಸಮಾನವೆಂದು ಬಳಸುವುದುಂಟು. ಆದರೆ ಅದು ಕಣ್ಣಿಗೆ ಕಾಣುವ ಸಂಗತಿಗೆ ಸಾಕ್ಷ್ಯ ಬೇಡ ಎನ್ನುತ್ತದೆಯೇ ಹೊರತು ಎರಡರಲ್ಲಿ ಒಂದನ್ನು ಆರಿಸುವ ವಿಚಾರ ಅಲ್ಲಿಲ್ಲ. ‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬುದರಲ್ಲಿ ಆಯ್ಕೆ ಇದೆ, ಬಯಕೆಯೂ ಹಿತವೂ ಒಂದಾದ ನೆಮ್ಮದಿಯೂ ಇದೆ. ಮಂಡ್ಯ ಸೀಮೆಯ ಆಡುಮಾತಿನಲ್ಲಾದರೆ ‘ಅದ್ಕೇನ್ ಯೋಚ್ನೆ, ಬುಡು’ ಎಂದರೆ ಮುಗಿಯಿತು.

ಮುಗಿಯಿತು ಎನ್ನುವುದರಲ್ಲೇ ಈ ನುಡಿಯ ಬಲವೂ ತೊಡಕೂ ಇವೆ. ಒಂದು ಆಯ್ಕೆಯನ್ನು ನೋ-ಬ್ರೇನರ್ ಎಂದು ಕರೆದೊಡನೆ, ಅದನ್ನು ಪ್ರಶ್ನಿಸುವವನು ಮಂದಬುದ್ಧಿಯವನಂತೆ ಕಾಣತೊಡಗುತ್ತಾನೆ. 2006ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಂದಿನ ಉಪಾಧ್ಯಕ್ಷ ಡಿಕ್ ಚೆನಿ ಅವರಿಗೆ ರೇಡಿಯೊ ಸಂದರ್ಶಕರೊಬ್ಬರು, ಜೀವಗಳು ಉಳಿಯುವುದಾದರೆ ಬಂಧಿತನನ್ನು ನೀರಿನಲ್ಲಿ ಅದ್ದುವುದು ನೋ-ಬ್ರೇನರ್ ಅಲ್ಲವೇ ಎಂದು ಕೇಳಿದರು. ತಮ್ಮ ಮಟ್ಟಿಗೆ ಹೌದೆಂದು ಚೆನಿ ಉತ್ತರಿಸಿದರು. ಚಿತ್ರಹಿಂಸೆಗೆ ಅದು ಸಮ್ಮತಿಯೆಂದು ಟೀಕೆ ಎದ್ದಿತು. ಅವರು ಹೇಳಿದ್ದು ಆ ಅರ್ಥದಲ್ಲಲ್ಲ ಎಂದು ಶ್ವೇತಭವನ ಸಮಜಾಯಿಷಿ ನೀಡಬೇಕಾಯಿತು. ನ್ಯಾಯಶಾಸ್ತ್ರಜ್ಞರು ವರ್ಷಗಟ್ಟಲೆ ವಾದಿಸಿದ ವಿಷಯ ಹಗುರವಾದ ಒಂದು ಪದದಲ್ಲಿ ತೀರ್ಮಾನಗೊಂಡಿತ್ತು.

‘ತಮ್ಮ ಮಟ್ಟಿಗೆ’ ಎಂಬ ಸೇರ್ಪಡೆ ಗಮನಾರ್ಹ. ಒಬ್ಬರಿಗೆ ನಿಚ್ಚಳವಾದದ್ದು ಪಕ್ಕದವರಿಗೆ ಹಾಗಿರಬೇಕಿಲ್ಲ. ಇದಕ್ಕೆ ಉದಾಹರಣೆ ಹುಡುಕಿ ಅಮೆರಿಕದವರೆಗೆ ಹೋಗಬೇಕಿಲ್ಲ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಬೆಳೆ ಆರಿಸುವ ರೈತನ ಲೆಕ್ಕಾಚಾರವನ್ನೇ ನೋಡಬಹುದು. ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಯ ಸಾಗರ, ವಿರಿಜಾ, ಬಂಗಾರದೊಡ್ಡಿಯಂಥ ಹಳೆಯ ನಾಲೆಗಳಿವೆ. 1911ರಲ್ಲಿ ಕಾಮಗಾರಿ ಆರಂಭವಾಗಿ 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡ ಕೃಷ್ಣರಾಜಸಾಗರದಿಂದ, ಹಿಂದೆ ಇರ್ವಿನ್ ನಾಲೆಯೆನಿಸಿದ್ದ ವಿಶ್ವೇಶ್ವರಯ್ಯ ನಾಲೆ ಹೊರಟಿತು. ನಾಲೆಯ ನೀರು ಹರಿದ ಗದ್ದೆಯಲ್ಲಿ ಭತ್ತ ಅಥವಾ ಕಬ್ಬು, ಬೇರೆ ಮಾತಿಲ್ಲ. ತಗ್ಗಿನ ಗದ್ದೆಯಲ್ಲಿ ನೀರು ನಿಂತರೆ ರಾಗಿ ತಾಳುವುದೂ ಇಲ್ಲ.

ಆದರೆ ಅದೇ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕಲ್ಲುಗುಡ್ಡಗಳ ಸುತ್ತ ಮಳೆಯೇ ಗತಿ. ಕೆ.ಆರ್. ಪೇಟೆಯಲ್ಲಿ ಮಂದಗೆರೆ ಅಣೆಕಟ್ಟೆಯ ನಾಲೆಗಳಿಂದ ಹೇಮಾವತಿಯ ನೀರು ಪಡೆಯುವ ಊರುಗಳದು ಒಂದು ಲೆಕ್ಕ, ನಾಲೆಗೆ ದೂರವಾದ ಊರುಗಳದು ಇನ್ನೊಂದು. ನಾಗಮಂಗಲದ ಬಹುಪಾಲು ಹೊಲಗಳಲ್ಲಿ ರಾಗಿ, ಅದರ ಅಕ್ಕಡಿ ಸಾಲಿನಲ್ಲಿ ಅವರೆ, ಜತೆಗೆ ಹುರುಳಿ. ಅಲ್ಲಿಯೂ ಎರಡು ಮಾತಿಲ್ಲ. ಉತ್ತರ ಮಾತ್ರ ತದ್ವಿರುದ್ಧ.

ದೂರದಿಂದ ನೋಡುವವರು ಎಡವುವುದು ಇಲ್ಲಿಯೇ. 2024–25ನೇ ಸಾಲಿನ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲ್‌ಗೆ ಸಾಮಾನ್ಯ ಭತ್ತಕ್ಕೆ 2,300 ರೂಪಾಯಿ, ರಾಗಿಗೆ 4,290 ರೂಪಾಯಿ ಇತ್ತು. ಈ ಅಂಕಿಗಳನ್ನಷ್ಟೇ ಓದಿದ ನಗರವಾಸಿಗೆ ಎಲ್ಲರೂ ರಾಗಿ ಬೆಳೆಯುವುದೇ ನೋ-ಬ್ರೇನರ್ ಎನಿಸೀತು. ಎಕರೆಯ ಇಳುವರಿ, ಗದ್ದೆಯ ಮಣ್ಣು, ಕಟಾವಿನ ಕೂಲಿ, ಮನೆಯ ದನಗಳ ಮೇವು ಇವಾವುವೂ ಆ ಅಂಕಿಗಳಲ್ಲಿಲ್ಲ.

ಕಬ್ಬಿನ ಸ್ಥಿತಿಯಂತೂ ಇನ್ನೂ ಬಿಗಡಾಯಿಸಿದ್ದು. ನಾಟಿಯಿಂದ ಕಟಾವಿನವರೆಗೆ ಸುಮಾರು ಒಂದು ವರ್ಷ ಹಿಡಿಯುವ, ಬಳಿಕ ಕೂಳೆಯಾಗಿಯೂ ಮುಂದುವರಿಯುವ ಈ ಬೆಳೆಯನ್ನು ಒಮ್ಮೆ ಆರಿಸಿದರೆ ನಡುವೆ ಮನಸ್ಸು ಬದಲಿಸುವಂತಿಲ್ಲ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ಕೆಲವು ವರ್ಷ ನಿಂತುಹೋಗಿದ್ದಾಗ, ಹತ್ತಿರದ ಕಾರ್ಖಾನೆಯನ್ನು ನಂಬಿ ನೆಟ್ಟವರು ಆಲೆಮನೆ ಅಥವಾ ದೂರದ ಕಾರ್ಖಾನೆಯ ದಾರಿ ಹಿಡಿಯಬೇಕಾಯಿತು. 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ನೀಡಿದ ಮೇಲೆ ಅದು ಮತ್ತೆ ಕಬ್ಬು ಅರೆಯತೊಡಗಿತು. 2023ರಲ್ಲಿ ಮುಂಗಾರು ಕೈಕೊಟ್ಟು, ಕೃಷ್ಣರಾಜಸಾಗರ ತನ್ನ ಗರಿಷ್ಠ 124.80 ಅಡಿ ಮುಟ್ಟಲಿಲ್ಲ. ಕಾವೇರಿ ನೀರಿಗಾಗಿ ಸೆಪ್ಟೆಂಬರ್‌ನಲ್ಲಿ ಮಂಡ್ಯ ಬಂದ್ ನಡೆಯಿತು. ಭತ್ತವೋ ಕಬ್ಬೋ ಎಂದು ತಲೆಮಾರುಗಳಿಂದ ಯೋಚಿಸದೇ ಇದ್ದ ನಾಲಾ ಬಯಲಿನ ರೈತ ಆ ವರ್ಷ ಗದ್ದೆಗೆ ಏನನ್ನಾದರೂ ಹಾಕುವುದೇ ಬೇಡವೇ ಎಂದು ಮೀನಮೇಷ ಎಣಿಸಬೇಕಾಯಿತು.