ಕಿಟಕಿಯ ಪರದೆಗೆ 20 ಪೌಂಡ್ ದಂಡ

ಪರದೆಯ ಕಂಬಿಯೂ ಬಳೆಗಳೂ ಕಾಣದಂತೆ ಕಿಟಕಿಯ ನೆತ್ತಿಗೆ ಅಡ್ಡಲಾಗಿ ಇಳಿಬಿಡುವ ಗೇಣಗಲದ ಬಟ್ಟೆಯೊಂದಿದೆ. ಇಂಗ್ಲಿಷಿನವರು ಅದನ್ನು ವ್ಯಾಲೆನ್ಸ್ ಎನ್ನುತ್ತಾರೆ. ನಮ್ಮಲ್ಲಿ ಅದೇ ಕೆಲಸವನ್ನು ಮರದ ಪೆಲ್ಮೆಟ್ ಮಾಡುತ್ತಿತ್ತು. ಬಟ್ಟೆಯದಾದರೆ ಝಾಲರಿ ಎನ್ನಬಹುದು. ಅದು ಬಿಸಿಲನ್ನೂ ತಡೆಯದು, ಗಾಳಿಯನ್ನೂ ತಡೆಯದು. ಬರೀ ಅಂದಕ್ಕಾಗಿ ಇರುವ ಈ ತುಂಡಿನ ಹಿಂದೆ ಒಂದು ದೊಂಬಿ, ಒಂದು ಕಾನೂನು, ಒಬ್ಬ ಹೆಂಗಸಿನ ಕಣ್ಣೀರು ಇದೆ ಎಂದು ಗೊತ್ತಾದಾಗ ನನಗೆ ಕುತೂಹಲ ಹುಟ್ಟಿತು.

ಯುರೋಪಿನಲ್ಲಿ ಝಾಲರಿ ಮೊದಲು ಬೆಳೆದದ್ದು ಕಿಟಕಿಯಲ್ಲಲ್ಲ, ಮಂಚದಲ್ಲಿ. ಚಳಿಯ ನಾಡಿನ ಉಳ್ಳವರು ನಾಲ್ಕು ಕಂಬದ ಮಂಚಕ್ಕೆ ಸುತ್ತಲೂ ಪರದೆ ಕಟ್ಟಿ ಮಲಗುತ್ತಿದ್ದರು. ಆ ಪರದೆಯ ಕಂಬಿ ಮುಚ್ಚಲು ಮೇಲೊಂದು ಪಟ್ಟಿ ಬಂತು. ಮುಂದೆ ಮಂಚದ ಅಲಂಕಾರಕ್ಕೆ ಹೊಂದುವಂತೆ ಕಿಟಕಿಯನ್ನೂ ಸಿಂಗರಿಸುವ ರೂಢಿ ಬೆಳೆದಾಗ ಪಟ್ಟಿಯೂ ಅಲ್ಲಿಗೆ ಹೋಯಿತು.

17ನೇ ಶತಮಾನದಲ್ಲಿ ಈ ಸಿಂಗಾರಕ್ಕೆ ಹೊಸ ಬಟ್ಟೆಯೊಂದು ಸಿಕ್ಕಿತು. ಅದು ನಮ್ಮ ಕೋರಮಂಡಲ ಕರಾವಳಿಯದು. ಹಿಂದಿಯ ಛೀಂಟ್, ಇಂಗ್ಲಿಷಿನ ಚಿಂಟ್ಸ್, ನಮ್ಮ ಅಜ್ಜಿಯರ ಬಾಯಲ್ಲಿದ್ದ ‘ಚೀಟಿ’ ಬಟ್ಟೆ, ಎಲ್ಲ ಒಂದೇ ಮನೆತನದ ಮಾತುಗಳು. ಮಂಚದ ಹೊದಿಕೆಯಾಗಿ ಸಿದ್ಧವಾಗುತ್ತಿದ್ದ ದೊಡ್ಡ ಚಿತ್ತಾರದ ಬಟ್ಟೆ ಪಲಂಗ್‌ಪೋಶ್. ಇಂಗ್ಲಿಷರ ಬಾಯಲ್ಲಿ ಅದು ಪಾಲಂಪೋರ್ ಆಯಿತು. ನಡುವೆ ಹೂಬಿಟ್ಟ ಮರ, ಸುತ್ತ ಅಂಚು. ಮಚಲಿಪಟ್ಟಣದಂಥ ಊರುಗಳ ಕುಶಲಕರ್ಮಿಗಳು ಬಟ್ಟೆಗೆ ಅಳಲೆಕಾಯಿ ಮತ್ತು ಎಮ್ಮೆಹಾಲಿನ ಸಂಸ್ಕಾರ ಕೊಟ್ಟು, ಕಲಮಿನಿಂದ ಗೆರೆ ಎಳೆದು, ಪಟಿಕದ ನೀರು ಹಚ್ಚಿದ ಕಡೆಗಳಲ್ಲಿ ಮಾತ್ರ ಬೇರಿನ ಕೆಂಪು ಕಚ್ಚುವಂತೆ ಮಾಡುತ್ತಿದ್ದರು. ನೀಲಿ ಬೇಡವಾದ ಕಡೆ ಮೇಣ ಬಳಿದು ನೀಲಿಯಲ್ಲಿ ಅದ್ದುತ್ತಿದ್ದರು. ಎಷ್ಟು ಒಗೆದರೂ ಬಣ್ಣ ಬಿಡುತ್ತಿರಲಿಲ್ಲ. ಯುರೋಪಿಗೆ ಆಗ ಈ ವಿದ್ಯೆ ಗೊತ್ತಿರಲಿಲ್ಲ. ಅಲ್ಲಿನ ಮನೆಗಳು ಹೀಗೆ ಬಂದ ಬಟ್ಟೆಯನ್ನು ಕತ್ತರಿಸಿ ಪರದೆ, ದಿಂಬು, ಝಾಲರಿ ಮಾಡಿಕೊಂಡವು.

ಇದರ ಹೊಡೆತ ಬಿದ್ದದ್ದು ಲಂಡನ್ನಿನ ಉಣ್ಣೆ ಮತ್ತು ರೇಷ್ಮೆ ನೇಕಾರರಿಗೆ. ‘ರಾಬಿನ್ಸನ್ ಕ್ರೂಸೋ’ ಬರೆದ ಡೇನಿಯಲ್ ಡಿಫೋ 1708ರಲ್ಲೇ, ಈ ಬಟ್ಟೆ ನಮ್ಮ ಮಲಗುವ ಕೋಣೆಯವರೆಗೂ ನುಸುಳಿದೆ ಎಂದು ಗೊಣಗಿದ್ದ. 1719ರಲ್ಲಿ ಸ್ಪಿಟಲ್‌ಫೀಲ್ಡ್ಸ್‌ನ ನೇಕಾರರು ಬೀದಿಗಿಳಿದು, ಚೀಟಿ ಬಟ್ಟೆ ತೊಟ್ಟ ಹೆಂಗಸರ ಮೈಮೇಲಿನ ಉಡುಪನ್ನು ಹರಿದರು, ಮಸಿ ಎರಚಿದರು. ಅವರ ಹೊಟ್ಟೆಯ ಸಂಕಟ ನಿಜ. ಆದರೆ ಪೆಟ್ಟು ತಿಂದವರು ವ್ಯಾಪಾರಿಗಳಲ್ಲ, ದಾರಿಯಲ್ಲಿ ನಡೆಯುತ್ತಿದ್ದ ಹೆಂಗಸರು. 1721ರಲ್ಲಿ ಪಾರ್ಲಿಮೆಂಟು ಕಾನೂನು ತಂದಿತು. ಅಚ್ಚಿನ ಹತ್ತಿಬಟ್ಟೆ ಉಟ್ಟರೆ 5 ಪೌಂಡ್ ದಂಡ. ಮಂಚ, ಕುರ್ಚಿ, ದಿಂಬು, ಕಿಟಕಿಯ ಪರದೆಗಳಿಗೆ ಬಳಸಿದರೆ 20 ಪೌಂಡ್.

ಈ ಕಾನೂನಿನ ಬಿಸಿ ತಟ್ಟಿದವರಲ್ಲಿ ಡೇವಿಡ್ ಗ್ಯಾರಿಕ್‌ನ ಹೆಂಡತಿ ಈವಾ ಮರಿಯಾ ಒಬ್ಬಳು. ಗ್ಯಾರಿಕ್ 18ನೇ ಶತಮಾನದ ಲಂಡನ್ ರಂಗಭೂಮಿಯ ಮಹಾನಟ. ಕಲ್ಕತ್ತೆಯ ಇಂಗ್ಲಿಷರು ನಾಟಕ ಕಟ್ಟುವಾಗ ಅವನು ಅಲ್ಲಿಂದಿಲ್ಲಿಗೆ ನಾಟಕಗಳನ್ನೂ ರಂಗಪರದೆಗಳನ್ನೂ ಕಳಿಸಿ ನೆರವಾಗಿದ್ದ. ಅದರ ಋಣಕ್ಕೆ ಅವರು ಅವನಿಗೆ ಮದ್ಯವನ್ನೂ ಅವಳಿಗೆ ಮಚಲಿಪಟ್ಟಣದ ಚೀಟಿ ಬಟ್ಟೆಯನ್ನೂ ಕಳಿಸಿದರು. ಅವಳು ನಾಲ್ಕು ವರ್ಷ ಅದನ್ನು ಜೋಪಾನ ಮಾಡಿದಳು. ಥೇಮ್ಸ್ ದಂಡೆಯ ಹ್ಯಾಂಪ್ಟನ್ ಮನೆಯಲ್ಲಿ ಅದಕ್ಕೊಪ್ಪುವ ಗೋಡೆಕಾಗದ, ಕುರ್ಚಿಗಳೆಲ್ಲ ಸಿದ್ಧವಾದಾಗ ಯಾರೋ ಸುಳಿವು ಕೊಟ್ಟರು. ಸುಂಕದವರು ಬಂದು ಬಟ್ಟೆ ಎತ್ತಿಕೊಂಡು ಹೋದರು. ಗ್ಯಾರಿಕ್ ಖಜಾನೆಯ ಕಾರ್ಯದರ್ಶಿ ಗ್ರೇ ಕೂಪರ್‌ಗೆ ಪತ್ರ ಬರೆದು, ಹೆಂಡತಿಯ ಅಳುವನ್ನು ಬೈಬಲಿನ ರಾಕೇಲಳ ಅಳುವಿಗೆ ಹೋಲಿಸಿ ನಗಿಸಿ ಬೇಡಿಕೊಂಡ. ಆ ಮಂಚ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಅಷ್ಟರಲ್ಲಿ ಗಾಳಿ ತಿರುಗಿತ್ತು. 1774ರಲ್ಲಿ ಬ್ರಿಟನ್ನಿನಲ್ಲೇ ತಯಾರಾದ ಅಚ್ಚಿನ ಹತ್ತಿಬಟ್ಟೆಗೆ ಅನುಮತಿ ಸಿಕ್ಕಿತು. 1783ರಲ್ಲಿ ಥಾಮಸ್ ಬೆಲ್ ಉರುಳೆಯಿಂದ ಬಟ್ಟೆಗೆ ಅಚ್ಚೊತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದ. ಕಲಮು ದಿನಗಟ್ಟಲೆ ಬರೆದ ಹೂವನ್ನು ಯಂತ್ರ ಗಳಿಗೆಯಲ್ಲಿ ಒತ್ತತೊಡಗಿತು. 19ನೇ ಶತಮಾನದಲ್ಲಿ ಅಲ್ಲಿನ ಗಿರಣಿ ಬಟ್ಟೆ ನಮ್ಮ ಸಂತೆಗಳಿಗೇ ಬಂತು. ಸ್ಪಿಟಲ್‌ಫೀಲ್ಡ್ಸ್‌ನವರು ಹಿಂದೆ ಅತ್ತ ಕಾರಣಕ್ಕೆ ಈಗ ನಮ್ಮ ನೇಕಾರರು ಅಳಬೇಕಾಯಿತು. ಅವರನ್ನು ಕಾಯಲು ಮಾತ್ರ ಯಾವ ಪಾರ್ಲಿಮೆಂಟೂ ದಂಡದ ಕಾನೂನು ಬರೆಯಲಿಲ್ಲ.

ಇದನ್ನೆಲ್ಲ ಓದಿದ ಮೇಲೆ ನಾನೂ ಒಂದು ಝಾಲರಿ ಹೊಲಿದೆ. 4 ಅಡಿ ಅಗಲ, 5 ಅಡಿ ಎತ್ತರದ ಕಿಟಕಿಗೆ 4 ಅಡಿ ಅಗಲ, 7 ಅಡಿ ಉದ್ದದ ಎರಡು ಸಿದ್ಧ ಪರದೆ ತಂದೆ. ಗುಟ್ಟು ಇರುವುದು ಕೆಳಗಿನಿಂದ ಕತ್ತರಿಸುವುದರಲ್ಲಿ. ಅಲ್ಲಿ ಅಂಚು ಆಗಲೇ ಮಡಚಿ ಹೊಲಿದಿರುತ್ತದೆ. ಎರಡರಿಂದಲೂ 16 ಇಂಚು ಕತ್ತರಿಸಿ, ಮೇಲ್ತುದಿಯನ್ನು ಅರ್ಧ ಇಂಚು ಒಳಮಡಚಿ, ಮತ್ತೆ 3 ಇಂಚು ಮಡಚಿ, ಕಂಬಿ ತೂರುವ ಸುರಂಗ ಹೊಲಿದೆ. ಇಳಿಬಿದ್ದದ್ದು ಹನ್ನೆರಡೂವರೆ ಇಂಚು, ಕಿಟಕಿಯ ಎತ್ತರದ ಸುಮಾರು ಐದನೇ ಒಂದು ಪಾಲು. ಎರಡೂ ಸೇರಿ 8 ಅಡಿ ಬಟ್ಟೆ 4 ಅಡಿಯ ಕಂಬಿಗೆ ಬಂದದ್ದರಿಂದ ನೆರಿಗೆ ತುಂಬಿಕೊಂಡಿತು. ಉಳಿದ ಪರದೆಗಳ ಕೆಳಗೆ ಹೊಸ ಅಂಚು ಹೊಲಿದರೆ ಅವೂ ಅದೇ ಕಿಟಕಿಗೆ ಸಾಕಾಗುತ್ತವೆ.

ಹೊಲಿಯುವುದಕ್ಕಿಂತ ಕತ್ತರಿ ಇಡುವಾಗಲೇ ಕೈ ತಡೆಯುತ್ತದೆ. ಯಾರೋ ಮುಗಿಸಿ ಕೊಟ್ಟ ಕೆಲಸವನ್ನು ನಾವು ಬಿಚ್ಚುತ್ತೇವೆ. ಲಂಡನ್ನಿನ ಆ ಮಂಚದ ಜೊತೆ ಯಜಮಾನನ ಹೆಸರು ಉಳಿದಿದೆ, ಅದನ್ನು ಮಾಡಿದ್ದೆಂದು ಹೇಳಲಾಗುವ ಚಿಪ್ಪೆಂಡೇಲ್ ಕಾರ್ಯಾಗಾರದ ಹೆಸರೂ ಉಳಿದಿದೆ. ಮಚಲಿಪಟ್ಟಣದಲ್ಲಿ ಕಲಮು ಹಿಡಿದು ಆ ಹೂಬಳ್ಳಿ ಬರೆದವರ ಹೆಸರು ಉಳಿದಿಲ್ಲ. ನಾನು ಕತ್ತರಿಸಿದ ಪರದೆಯ ಅಂಚಿನಲ್ಲಿದ್ದ ಚೀಟಿಯಲ್ಲೂ ಅಳತೆ ಇತ್ತು, ಒಗೆಯುವ ವಿಧಾನ ಇತ್ತು. ಹೊಲಿದವರ ಹೆಸರು ಅಲ್ಲೂ ಇರಲಿಲ್ಲ.