‘ಕೊನೆಯ ದಾಖಲೆ’ ಯಾವುದು? ಎಸ್‌ಕ್ಯೂಎಲ್ ಕ್ವೆರಿಗಳಲ್ಲಿ ಕ್ರಮನಿರ್ಣಯದ ಸಮಸ್ಯೆ

1970ರಲ್ಲಿ ಇ. ಎಫ್. ಕಾಡ್ ಮಂಡಿಸಿದ ರಿಲೇಷನಲ್ ಮಾದರಿಯಲ್ಲಿ ಸಾಲುಗಳಿಗೆ ಹಿಂದುಮುಂದು ಎಂಬುದಿಲ್ಲ. ಟೇಬಲ್ ಒಂದು ಗಣ, ಅಷ್ಟೇ. ಹಾಗಾಗಿ ‘ಕೊನೆಯದು’ ಎಂಬುದು ಟೇಬಲ್‌ನಲ್ಲಿ ತಾನಾಗಿ ಇರುವುದಿಲ್ಲ, ಕ್ವೆರಿ ಬರೆಯುವವರೇ ಅದನ್ನು ನಿರ್ಣಯಿಸಬೇಕು.

ವಿದ್ಯುತ್ ಗ್ರಾಹಕರದ್ದೊಂದು ಟೇಬಲ್, ಮೀಟರ್ ರೀಡಿಂಗಿನದ್ದೊಂದು ಟೇಬಲ್ ಇವೆ ಎನ್ನೋಣ. ಪ್ರತಿ ಗ್ರಾಹಕರ ಕೊನೆಯ ರೀಡಿಂಗ್ ಬೇಕು. ‘ಗ್ರೂಪ್ ಬೈ’ ಜೊತೆ ‘ಮ್ಯಾಕ್ಸ್’ ಬಳಸಿದರೆ ಕೊನೆಯ ದಿನಾಂಕ ಸಿಗುತ್ತದೆ, ಆ ದಿನದ ಯೂನಿಟ್ ಸಿಗದು. ಯೂನಿಟ್ ಕಾಲಂ ಅನ್ನೂ ಕೇಳಿದರೆ ಪೋಸ್ಟ್‌ಗ್ರೆಸ್ ಎರರ್ ಕೊಡುತ್ತದೆ. ಹಳೆಯ ಮೈಎಸ್‌ಕ್ಯೂಎಲ್ ಗುಂಪಿನ ಯಾವುದೋ ಸಾಲಿನ ಯೂನಿಟ್ ಎತ್ತಿಕೊಟ್ಟು ಸುಮ್ಮನಾಗುತ್ತಿತ್ತು, 5.7ರಿಂದ ಅದೂ ಡೀಫಾಲ್ಟ್ ಆಗಿ ತಡೆಯುತ್ತದೆ. ಎರರ್ ಬರುವುದೇ ವಾಸಿ. ಮ್ಯಾಕ್ಸ್ ದಿನಾಂಕವನ್ನು ಮತ್ತೆ ಮೂಲ ಟೇಬಲ್‌ಗೆ ಜಾಯಿನ್ ಮಾಡುವುದು ಹಳೆಯ ದಾರಿ. ಆದರೆ ಒಂದೇ ದಿನ ಎರಡು ರೀಡಿಂಗ್ ದಾಖಲಾಗಿದ್ದರೆ ಆ ಗ್ರಾಹಕರು ಪಟ್ಟಿಯಲ್ಲಿ ಎರಡು ಸಲ ಬರುತ್ತಾರೆ.

ವಿಂಡೋ ಫಂಕ್ಷನ್‌ಗಳು 2003ರ ಎಸ್‌ಕ್ಯೂಎಲ್ ಮಾನಕದಲ್ಲಿವೆ. ಪೋಸ್ಟ್‌ಗ್ರೆಸ್‌ಗೆ 2009ರಲ್ಲಿ, ಮೈಎಸ್‌ಕ್ಯೂಎಲ್‌ಗೆ 2018ರಲ್ಲಿ ಬಂದವು. ಗ್ರಾಹಕವಾರು ‘ಪಾರ್ಟಿಷನ್’ ಮಾಡಿ, ದಿನಾಂಕವನ್ನು ಇಳಿಕೆ ಕ್ರಮದಲ್ಲಿಟ್ಟು, ‘ರೋ ನಂಬರ್’ 1 ಇರುವ ಸಾಲನ್ನು ಆರಿಸಿದರೆ ಒಬ್ಬರಿಗೆ ಒಂದೇ ಸಾಲು. ಅಪಾಯ ಇರುವುದೂ ಇಲ್ಲಿಯೇ: ದಿನಾಂಕ ಸಮವಾದಾಗ ಯಾವ ಸಾಲಿಗೆ 1 ಬೀಳುತ್ತದೆಂಬ ಖಾತರಿಯಿಲ್ಲ. ಇವತ್ತಿನ ಉತ್ತರ ನಾಳೆ ಬದಲಾದೀತು. ‘ಆರ್ಡರ್ ಬೈ’ ಕೊನೆಯಲ್ಲಿ ಪ್ರೈಮರಿ ಕೀ ಸೇರಿಸಿದರೆ ಮಾತ್ರ ಕ್ರಮ ಪೂರ್ಣ. ದಿನಾಂಕ ಖಾಲಿ ಬಿಟ್ಟ ಸಾಲಿನದ್ದು ಇನ್ನೊಂದು ತರಲೆ. ಇಳಿಕೆ ಕ್ರಮದಲ್ಲಿ ಪೋಸ್ಟ್‌ಗ್ರೆಸ್ ‘ನಲ್’ ಅನ್ನು ಮೊದಲಿಗೇ ಇಡುತ್ತದೆ, ಮೈಎಸ್‌ಕ್ಯೂಎಲ್ ಕೊನೆಗೆ. ಒಂದೇ ಕ್ವೆರಿ, ಎರಡು ಉತ್ತರ! ‘ನಲ್ಸ್ ಲಾಸ್ಟ್’ ಬರೆಯುವುದಕ್ಕಿಂತ ಆ ಕಾಲಂನಲ್ಲಿ ನಲ್ ಬಾರದಂತೆ ನಿರ್ಬಂಧಿಸುವುದು ಮೇಲು.

ಗ್ರಾಹಕರು ಕಡಿಮೆಯಿದ್ದು ಹಳೆಯ ರೀಡಿಂಗ್‌ಗಳು ರಾಶಿ ಬಿದ್ದಿದ್ದರೆ, ಎಲ್ಲಕ್ಕೂ ನಂಬರ್ ಹಾಕುವುದು ದಂಡ. ಪೋಸ್ಟ್‌ಗ್ರೆಸ್ 9.3ರಿಂದ ಸಿಕ್ಕಿರುವ ‘ಲ್ಯಾಟರಲ್’ ಜಾಯಿನ್, ಗ್ರಾಹಕ–ದಿನಾಂಕ–ಕೀ ಇಂಡೆಕ್ಸ್ ಇದ್ದರೆ, ಒಬ್ಬೊಬ್ಬರಿಗೆ ಒಂದೇ ಸಾಲು ಓದಿ ಮುಂದೆ ಸಾಗಬಲ್ಲದು. ಅದನ್ನು ‘ಲೆಫ್ಟ್ ಜಾಯಿನ್’ ಆಗಿ ಬರೆದರೆ ಇನ್ನೂ ರೀಡಿಂಗೇ ಆಗದ ಹೊಸ ಸಂಪರ್ಕಗಳೂ ಪಟ್ಟಿಯಲ್ಲಿ ಉಳಿಯುತ್ತವೆ.

ಇಷ್ಟಾದರೂ ಯಾವ ದಿನಾಂಕ ಎಂಬ ಪ್ರಶ್ನೆ ಬಾಕಿ. ಆಗಸ್ಟ್ ರೀಡಿಂಗಿನ ತಿದ್ದುಪಡಿ ಅಕ್ಟೋಬರ್‌ನಲ್ಲಿ ದಾಖಲಾದರೆ, ಮೀಟರ್ ಓದಿದ ದಿನದ ಪ್ರಕಾರ ಅದು ಹಳೆಯದು, ನಮೂದಿಸಿದ ದಿನದ ಪ್ರಕಾರ ಹೊಸದು. ಬಿಲ್ಲಿಗೆ ಮೊದಲನೆಯದು ಬೇಕು, ಆಡಿಟ್‌ಗೆ ಎರಡನೆಯದು. ಟೇಬಲ್‌ನಲ್ಲಿ ಒಂದೇ ದಿನಾಂಕದ ಕಾಲಂ ಇದ್ದರೆ ಈ ಎರಡೂ ಪ್ರಶ್ನೆಗಳಿಗೆ ಯಾವ ಕ್ವೆರಿಯೂ ಉತ್ತರಿಸಲಾರದು.