ತುಳುನಾಡಿನ ಜೈನ ಮನೆತನಗಳಲ್ಲಿ ಅಳಿಯಸಂತಾನ ಮತ್ತು ಮಕ್ಕಳ ಪಾಲನೆ

ತುಳುನಾಡಿನ ಜೈನ ಸಮಾಜವು ಧರ್ಮಾಚರಣೆಯಲ್ಲಿ ದಿಗಂಬರ ಪರಂಪರೆಯನ್ನು ಅನುಸರಿಸಿಕೊಂಡು ಬಂದಿದ್ದರೂ ಕುಟುಂಬ ವ್ಯವಸ್ಥೆಯಲ್ಲಿ ತನ್ನದೇ ಆದ ಮಾರ್ಗವನ್ನು ಹಿಡಿದಿತ್ತು. ಘಟ್ಟದ ಮೇಲಿನ ಜೈನರಲ್ಲಿ ವಂಶವೂ ಆಸ್ತಿಯೂ ತಂದೆಯಿಂದ ಮಗನಿಗೆ ಇಳಿದು ಬರುತ್ತಿದ್ದುವು. ಘಟ್ಟದ ಕೆಳಗೆ ಕಾರ್ಕಳ, ಮೂಡುಬಿದಿರೆ, ವೇಣೂರು ಮೊದಲಾದ ಸೀಮೆಗಳ ಜೈನ ಮನೆತನಗಳಲ್ಲಿಯಾದರೋ ಅವು ತಾಯಿಯ ಕಡೆಯಿಂದ ಮುಂದುವರಿಯುತ್ತಿದ್ದುವು. ಸೋದರಮಾವನ ಅಧಿಕಾರವು ಸೋದರಳಿಯನಿಗೆ ಸಲ್ಲುತ್ತಿತ್ತು. ಇದನ್ನೇ ಅಳಿಯಸಂತಾನ ಕಟ್ಟು ಎನ್ನುತ್ತಾರೆ. ಬಂಟರು, ಬಿಲ್ಲವರು ಮುಂತಾದ ನೆರೆಯ ಸಮಾಜಗಳಲ್ಲಿಯೂ ಇದೇ ಕಟ್ಟು ನಡೆದುಬಂದಿತ್ತು. ಜೈನರೊಳಗೆ ಬಸದಿಗಳ ಪೂಜಾಕಾರ್ಯವನ್ನು ನಡೆಸುವ ಇಂದ್ರರು ಮಾತ್ರ ಮಕ್ಕಳ ಸಂತಾನವನ್ನು ಅನುಸರಿಸಿದರು. ಒಂದೇ ಬಸದಿಯ ಅಂಗಳದಲ್ಲಿ ಎರಡು ಬಗೆಯ ಕುಟುಂಬಗಳು ಶತಮಾನಗಳ ಕಾಲ ಸೌಹಾರ್ದದಿಂದ ಬಾಳಿದುವೆಂಬುದು ಗಮನಾರ್ಹವಾದ ಸಂಗತಿ.

ಐತಿಹ್ಯ ಮತ್ತು ಶಾಸನ

ಈ ಕಟ್ಟಿನ ಮೂಲಕ್ಕೆ ಭೂತಾಳಪಾಂಡ್ಯನ ಕಥೆಯನ್ನು ಹೇಳುವುದುಂಟು. ದೇವಪಾಂಡ್ಯನೆಂಬವನ ಹಡಗುಗಳನ್ನು ನೀರಿಗಿಳಿಸುವ ಸಮಯದಲ್ಲಿ ಕುಂಡೋದರನೆಂಬ ಭೂತವು ಅವನ ಮಗನನ್ನು ಬಲಿಯಾಗಿ ಕೇಳಿತಂತೆ. ಹೆಂಡತಿಯು ಮಕ್ಕಳನ್ನು ಕೊಡಲು ಒಪ್ಪದೆ ಅವರೊಡನೆ ಹೊರಟುಹೋದಳು. ಸೋದರಿಯಾದರೋ ತನ್ನ ಮಗ ಜಯಪಾಂಡ್ಯನನ್ನು ಒಪ್ಪಿಸಲು ಮುಂದಾದಳು. ಭೂತವು ಬಾಲಕನನ್ನು ಉಳಿಸಿ ಭೂತಾಳಪಾಂಡ್ಯನೆಂದು ಹೆಸರಿಟ್ಟಿತು. ಅಂದಿನಿಂದ ಆಸ್ತಿಯು ಸೋದರಿಯ ಮಗನಿಗೆ ಸಲ್ಲತಕ್ಕದ್ದೆಂಬ ಕಟ್ಟಳೆಯಾಯಿತು ಎಂಬುದು ಕಥೆಯ ಸಾರ. ಇದು ಇತಿಹಾಸವಲ್ಲ. ಅಹಿಂಸೆಯೇ ಪರಮಧರ್ಮವೆಂದು ನಂಬಿದ ಸಮಾಜದ ಕುಟುಂಬ ನೀತಿಗೆ ನರಬಲಿಯ ಕಥೆಯನ್ನು ಆಧಾರವೆಂದು ಹೇಳುವುದೂ ಉಚಿತವಲ್ಲ. ನಾಡಿನಲ್ಲಿ ಮೊದಲಿನಿಂದ ಇದ್ದ ಪದ್ಧತಿಗೆ ಜನರು ಕಟ್ಟಿಕೊಂಡ ವಿವರಣೆಯೆಂದು ಅದನ್ನು ತಿಳಿಯಬಹುದು.

ಶಾಸನಗಳ ಸಾಕ್ಷ್ಯವು ಇದಕ್ಕಿಂತ ಗಟ್ಟಿಯಾದುದು. ಕಾರ್ಕಳದ ಶ್ರೀ ಬಾಹುಬಲಿ ಸ್ವಾಮಿಯ ಬಿಂಬವನ್ನು 1432ರಲ್ಲಿ ಪ್ರತಿಷ್ಠಾಪಿಸಿದ ವೀರಪಾಂಡ್ಯನನ್ನು ಅಲ್ಲಿಯ ಶಾಸನವು ಭೈರವರಾಜನ ಮಗನೆಂದು ಹೇಳುತ್ತದೆ. ಅದೇ ಊರಿನ ಚತುರ್ಮುಖ ಬಸದಿಯನ್ನು 1586ರಲ್ಲಿ ಕಟ್ಟಿಸಿದ ಇಮ್ಮಡಿ ಭೈರರಸನಾದರೋ ಹಿಂದಿನ ಭೈರವನ ಸೋದರಿ ಗುಮ್ಮಟಾಂಬೆಯ ಮಗ. ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರನ್ನು ನಾಲ್ಕು ದಿಕ್ಕಿಗೂ ನೆಲೆಗೊಳಿಸಿದ ಆ ಮಹಾಪುರುಷನಿಗೆ ತಾಯಿಯ ಹೆಸರು ಗೌರವದ ಗುರುತಾಗಿತ್ತು. 1604ರಲ್ಲಿ ವೇಣೂರಿನ ಬಾಹುಬಲಿಯನ್ನು ನಿಲ್ಲಿಸಿದ ತಿಮ್ಮರಾಜ ಅಜಿಲನ ಶಾಸನದಲ್ಲಿಯೂ ತಾಯಿಯ ಮತ್ತು ಮಾವನ ಹೆಸರುಗಳೇ ಬರುತ್ತವೆ. ತಂದೆಯ ಹೆಸರಿನಿಂದಲೂ ತಾಯಿಯ ಹೆಸರಿನಿಂದಲೂ ಗುರುತಿಸಿಕೊಳ್ಳುವ ಎರಡು ವಾಡಿಕೆಗಳು ಅರಸುಮನೆತನಗಳಲ್ಲಿ ಇದ್ದುವೆಂದೂ ಅವುಗಳಲ್ಲಿ ಅಳಿಯಕಟ್ಟು ಬಲವಾಗಿ ಬೇರೂರಿತ್ತೆಂದೂ ಇದರಿಂದ ತಿಳಿಯಬಹುದು.

ಈ ಕಟ್ಟಿನಲ್ಲಿ ಹೆಣ್ಣುಮಕ್ಕಳಿಗೂ ಆಳುವ ಅರ್ಹತೆಯಿತ್ತು. ಚೌಟ ಮನೆತನದ ಉಳ್ಳಾಲದ ರಾಣಿ ಅಬ್ಬಕ್ಕದೇವಿಯನ್ನು ಸೋದರಮಾವ ತಿರುಮಲರಾಯ ಚೌಟನೇ ರಾಜ್ಯಭಾರಕ್ಕೆ ತರಬೇತುಗೊಳಿಸಿದನೆಂದು ಪ್ರತೀತಿಯಿದೆ. ಮಂಗಳೂರಿನ ಬಂಗ ಅರಸನೊಡನೆ ವಿವಾಹವಾದ ಮೇಲೆಯೂ ಆಕೆ ಉಳ್ಳಾಲವನ್ನೇ ಆಳಿದಳು. 1623ರಲ್ಲಿ ಈ ಪ್ರಾಂತಕ್ಕೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯು ಉಳ್ಳಾಲದ ರಾಣಿಯೊಬ್ಬಳು ತಾನು ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ನಡೆದುಕೊಂಡೇ ಹೋಗುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಹೆಣ್ಣು ಮನೆಯೊಳಗೆ ಮಾತ್ರವಲ್ಲ, ಗದ್ದೆಯ ಬದುವಿನ ಮೇಲೆಯೂ ಯಜಮಾನಿಯಾಗಿದ್ದಳು.

ಬೀಡಿನ ಮನೆಯಲ್ಲಿ ಬಾಲ್ಯ

ಬೀಡು, ಗುತ್ತು ಎಂದು ಕರೆಯಿಸಿಕೊಳ್ಳುವ ಮನೆಗಳಲ್ಲಿ ಒಬ್ಬ ಮೂಲ ಸ್ತ್ರೀಯ ಸಂತತಿಯೆಲ್ಲವೂ ಒಂದು ಕುಟುಂಬವೆನಿಸುತ್ತಿತ್ತು. ಹಿರಿಯ ಗಂಡಸು ಯಜಮಾನ. ಹಿರಿಯಳು ಹೆಂಗಸಾದರೆ ಅವಳೇ ಯಜಮಾನಿ. ಮಗುವಿಗೆ ತಾಯಿಯ ‘ಬಳಿ’ಯೇ ಬಳಿ. ಒಂದೇ ಬಳಿಯವರು ಒಡಹುಟ್ಟಿದವರಿಗೆ ಸಮಾನರಾದುದರಿಂದ ಅವರೊಳಗೆ ವಿವಾಹ ಸಂಬಂಧ ನಿಷಿದ್ಧ. ಹೆಣ್ಣುಮಗು ಹುಟ್ಟಿದರೆ ಮನೆಯ ದೀಪ ಮುಂದುವರಿಯಿತೆಂದು ಸಂತೋಷಪಡುತ್ತಿದ್ದರು.

ಮಕ್ಕಳ ಶಿಕ್ಷಣದಲ್ಲಿ ಹೊಣೆಗಳು ಹಂಚಿಹೋಗಿದ್ದುವು. ಧರ್ಮದ ಮೊದಲ ಪಾಠ ತಾಯಿ, ಅಜ್ಜಿಯರದು. ನೀರನ್ನು ಬಟ್ಟೆಯಲ್ಲಿ ಗಾಳಿಸಿಯೇ ಕುಡಿಯುವುದು, ಕತ್ತಲಾಗುವ ಮೊದಲು ಊಟ ಮುಗಿಸುವುದು, ಜಿನದರ್ಶನವಾಗದೆ ಬಾಯಿಗೆ ಏನನ್ನೂ ಹಾಕದಿರುವುದು, ಅಷ್ಟಮಿ ಚತುರ್ದಶಿಗಳಲ್ಲಿ ನಿಯಮ ಪಾಲಿಸುವುದು, ಇವನ್ನು ಉಪದೇಶದಿಂದ ಕಲಿಸಲಿಲ್ಲ. ಮನೆಯ ನಡೆಯನ್ನು ನೋಡಿಯೇ ಮಕ್ಕಳು ಕಲಿತರು. ಪಂಚನಮಸ್ಕಾರ ಮಂತ್ರವು ಅಕ್ಷರಾಭ್ಯಾಸಕ್ಕಿಂತ ಮೊದಲೇ ನಾಲಗೆಗೆ ಬರುತ್ತಿತ್ತು. ನೋಂಪಿಯ ಕಥೆಗಳನ್ನು ಹಿರಿಯ ಶ್ರಾವಿಕೆಯರು ಓದಿಸಿ ಕೇಳುತ್ತಿದ್ದರು.

ಲೋಕವ್ಯವಹಾರದ ಪಾಠ ಸೋದರಮಾವನದು. ತುಳುವಿನಲ್ಲಿ ‘ತಮ್ಮಲೆ’ ಎಂದು ಕರೆಯಿಸಿಕೊಳ್ಳುವ ಈ ಮಾವನ ಎದುರು ಅಳಿಯಂದಿರು ಎತ್ತರದ ದನಿಯಲ್ಲಿ ಮಾತನಾಡುತ್ತಿರಲಿಲ್ಲ. ಏಣೆಲು, ಸುಗ್ಗಿ, ಕೊಳಕೆ ಬೆಳೆಗಳ ಕಾಲ, ಮೂಲಗೇಣಿ ಮತ್ತು ಚಾಲಗೇಣಿಯ ವ್ಯತ್ಯಾಸ, ಮುಡಿ ಅಕ್ಕಿಯ ಲೆಕ್ಕ, ಒಕ್ಕಲುಗಳೊಡನೆ ನಡೆದುಕೊಳ್ಳಬೇಕಾದ ರೀತಿ, ಬಸದಿಯ ನಿತ್ಯಪೂಜೆಗೆ ಮೊದಲು ತೆಗೆದಿರಿಸಬೇಕಾದ ಪಾಲು, ಇವೆಲ್ಲವನ್ನೂ ಚಾವಡಿಯಲ್ಲಿ ಮಾವನ ಬಳಿ ಕುಳಿತೇ ಹುಡುಗನು ತಿಳಿದುಕೊಳ್ಳುತ್ತಿದ್ದನು. ತಂದೆಯ ಸ್ಥಾನವೇನೂ ಶೂನ್ಯವಾಗಿರಲಿಲ್ಲ. ಅವನದು ಅಧಿಕಾರವಿಲ್ಲದ ವಾತ್ಸಲ್ಯ. ಬೆದರಿಕೆ ಮಾವನಿಂದ, ಮುದ್ದು ತಂದೆಯಿಂದ ಎಂಬಂತೆ ಮಗುವಿನ ಬಾಲ್ಯ ಸಾಗುತ್ತಿತ್ತು.

ಗುಣವೂ ದೋಷವೂ

ವಿಧವೆಯಾದವಳಿಗೂ ಗಂಡನಿಂದ ದೂರವಾದವಳಿಗೂ ತಾಯಿಮನೆಯಲ್ಲಿ ಹಕ್ಕಿನ ನೆಲೆಯಿತ್ತೆಂಬುದು ಈ ಪದ್ಧತಿಯ ದೊಡ್ಡ ಗುಣ. ಅದು ದಯೆಯಿಂದ ದೊರೆತ ಅನ್ನವಲ್ಲ, ಹುಟ್ಟಿನಿಂದ ಬಂದ ಪಾಲು. ಆಸ್ತಿಯು ಒಡೆಯದೆ ಉಳಿದುದರಿಂದ ಬಸದಿಗಳ ಪೂಜೆ, ಉತ್ಸವ, ಜೀರ್ಣೋದ್ಧಾರಗಳು ಒಂದೊಂದು ಮನೆಯ ಆಶ್ರಯದಲ್ಲಿಯೇ ನಡೆದುಬಂದುವು.

ಆದರೆ ಇದರ ದೋಷವನ್ನು ಮರೆಮಾಚುವುದು ಸತ್ಯವ್ರತಕ್ಕೆ ಒಪ್ಪುವುದಿಲ್ಲ. ಪತಿಯ ಮನೆಯಲ್ಲಿ ಬಾಳಿದ ಪತ್ನಿಯೂ ಅಲ್ಲಿಯೇ ಬೆಳೆದ ಮಕ್ಕಳೂ ಅವನು ತೀರಿಕೊಂಡ ಮೇಲೆ ಆ ಮನೆಯನ್ನು ಬಿಟ್ಟು ತಾಯಿಮನೆಗೆ ಹೊರಡಬೇಕಾಗುತ್ತಿತ್ತು. ತಂದೆಯು ನೆಟ್ಟ ತೆಂಗು ಕಂಗುಗಳಿಗೆ ಅವನ ಮಕ್ಕಳು ಅನ್ಯರು. ಈ ಸಂಕಟಕ್ಕೆ ಪರಿಹಾರವಾಗಿ ತನ್ನ ಮಗಳನ್ನು ಸೋದರಿಯ ಮಗನಿಗೆ ಕೊಟ್ಟು ಮದುವೆ ಮಾಡುವ ವಾಡಿಕೆ ಬೆಳೆಯಿತು. ಆಗ ಅಳಿಯನಿಗೆ ಬಂದ ಮನೆಯಲ್ಲಿ ಮಗಳೂ ನೆಲೆಸುತ್ತಿದ್ದಳು. ಅದು ಸಾಧ್ಯವಾಗದ ಕಡೆ ಯಜಮಾನನ ಮನಸ್ಸು ತನ್ನ ಮಕ್ಕಳ ಕಡೆಗೂ ಅಳಿಯಂದಿರ ಕಡೆಗೂ ಎಳೆಯುತ್ತಿತ್ತು. ಅವಿಶ್ವಾಸ ಹುಟ್ಟಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮನೆಗಳು ಅನೇಕ. ಎಲ್ಲರ ಒಪ್ಪಿಗೆಯಿಲ್ಲದೆ ಪಾಲು ಕೇಳುವಂತಿಲ್ಲವೆಂದು ಮದರಾಸಿನ ಹೈಕೋರ್ಟು 1863ರಲ್ಲಿ ತೀರ್ಮಾನಿಸಿದುದರಿಂದ ಮನಸ್ಸು ಒಡೆದರೂ ಮನೆ ಒಡೆಯುವಂತಿರಲಿಲ್ಲ.

ಕಾನೂನಿನಿಂದ ಬಂದ ಪರಿವರ್ತನೆ

1949ರ ಮದರಾಸು ಅಳಿಯಸಂತಾನ ಕಾಯಿದೆಯು ‘ಕವರು’ ಎಂಬ ಪ್ರತಿಯೊಂದು ಶಾಖೆಗೂ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಮುಂದೆ ಸಂತತಿಯಿಲ್ಲದ ನಿಸ್ಸಂತತಿ ಕವರಿಗೆ ಜೀವಿತಕಾಲದ ಅನುಭೋಗವನ್ನು ಮಾತ್ರ ಇರಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಜೈನರಿಗೂ ಅನ್ವಯಿಸಿತು. ಅಲ್ಲಿಂದ ಮುಂದೆ ಅಳಿಯಸಂತಾನ ಕುಟುಂಬದ ಸದಸ್ಯನು ಮೃತನಾದರೆ ಅವನ ಹಿತಾಂಶವು ಅಳಿಯಕಟ್ಟಿನಂತೆ ಸಲ್ಲದೆ ಆ ಕಾಯಿದೆ ಹೇಳಿದ ವಾರಸುದಾರರಿಗೆ, ಎಂದರೆ ಪತ್ನಿ, ಮಗ, ಮಗಳು, ತಾಯಿಯರಿಗೆ ಸಲ್ಲತೊಡಗಿತು. ತಂದೆಯ ಮನೆಯಿಂದ ಮಕ್ಕಳು ಹೊರಡಬೇಕಾದ ಸಂಕಟಕ್ಕೆ ಕೊನೆಯಾಯಿತು. ಆ ಬಳಿಕ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿಯ ಭೂಮಿಯು ಉಳುವವನ ಪಾಲಾಯಿತು. ಶತಮಾನಗಳ ಕಾಲ ದುಡಿದ ಒಕ್ಕಲಿಗೆ ನ್ಯಾಯ ದೊರೆಯಿತು. ಗೇಣಿಯ ಅಕ್ಕಿಯನ್ನೇ ನಂಬಿದ್ದ ಬೀಡುಗಳು ಬರಿದಾದುವು. ಬಸದಿಗಳ ದೀಪಕ್ಕೆ ಬರುತ್ತಿದ್ದ ಆದಾಯವೂ ಕುಗ್ಗಿತು.

ಇಂದಿನ ಹೊಣೆ

ಹೀಗೆ ಒಂದು ತಲೆಮಾರಿನೊಳಗೆ ಮಕ್ಕಳ ಹೊಣೆ ಮಾವನಿಂದ ತಂದೆಗೆ ಬಂದಿತು. ಹೊಸ ತಂದೆಯು ಮಕ್ಕಳ ವಿದ್ಯಾಭ್ಯಾಸಕ್ಕಾಗಿ ತನ್ನ ಸುಖವನ್ನು ತ್ಯಜಿಸಿದ್ದಾನೆ. ಬೀಡಿನ ಮಕ್ಕಳು ಇಂದು ವ್ಯಾಪಾರಿಗಳು, ವೈದ್ಯರು, ಇಂಜಿನಿಯರುಗಳು, ಅಧ್ಯಾಪಕರು. ಮುಂಬಯಿ, ಬೆಂಗಳೂರು, ವಿದೇಶಗಳಲ್ಲಿ ನೆಲೆಸಿದವರು. ಇದು ಹೆಮ್ಮೆಯ ವಿಷಯವೇ. ಆದರೆ ಹಿಂದೆ ಚಾವಡಿಯಲ್ಲಿ ಮಾವನೂ ಒಳಮನೆಯಲ್ಲಿ ಅಜ್ಜಿಯೂ ಹಂಚಿಕೊಂಡು ಮಾಡುತ್ತಿದ್ದ ಕೆಲಸವೆಲ್ಲವೂ ಈಗ ಇಬ್ಬರ ಮೇಲೆ ಬಿದ್ದಿದೆ. ಆ ಇಬ್ಬರೂ ಬೆಳಗಾದರೆ ದುಡಿಮೆಗೆ ಹೊರಡುವವರು. ಆಸ್ತಿಯ ವಾರಸುದಾರರು ಯಾರೆಂಬುದನ್ನು ಕಾಯಿದೆಯು ನಿರ್ಣಯಿಸಿತು. ಆಚಾರದ ವಾರಸುದಾರರು ಯಾರೆಂಬುದನ್ನು ಯಾವ ಕಾಯಿದೆಯೂ ನಿರ್ಣಯಿಸಲಾರದು.

ಹಳೆಯ ಕಟ್ಟನ್ನು ಮರಳಿ ತರುವುದು ಸಾಧ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ. ಅದರಲ್ಲಿದ್ದ ಸಾರವನ್ನು ಮಾತ್ರ ಉಳಿಸಿಕೊಳ್ಳಬಹುದು. ಮಗುವು ತಂದೆತಾಯಿಯರದು ಮಾತ್ರವಲ್ಲ, ಇಡೀ ಕುಟುಂಬದ್ದು ಎಂಬ ಭಾವನೆಯೇ ಆ ಸಾರ. ಆದಿತೀರ್ಥಂಕರ ವೃಷಭದೇವನು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಸ್ವತಃ ಕಲಿಸಿದನೆಂದು ಪುರಾಣವು ಹೇಳುತ್ತದೆ. ರಾಜ್ಯಭಾರದ ನಡುವೆ ಅವನಿಗೆ ದೊರೆತ ಸಮಯ ಇಂದಿನ ಗೃಹಸ್ಥನಿಗೆ ದೊರೆಯಲಾರದೇ? ರಜೆಯಲ್ಲಿ ಊರಿಗೆ ಬಂದ ಮಕ್ಕಳನ್ನು ಅಜ್ಜಿಯ ಬಳಿ ಕೆಲವು ದಿನ ಬಿಡುವುದು, ಸೋದರಮಾವನು ಅಳಿಯಂದಿರನ್ನು ಮನೆತನದ ಬಸದಿಗೆ ಕರೆದೊಯ್ದು ಅಲ್ಲಿಯ ಶಾಸನವನ್ನು ತೋರಿಸಿ ಹೇಳುವುದು, ವರ್ಷಕ್ಕೊಮ್ಮೆಯಾದರೂ ಕವಲೊಡೆದ ಕುಟುಂಬವೆಲ್ಲವೂ ಒಂದೆಡೆ ಸೇರಿ ಪೂಜೆ ನಡೆಸುವುದು, ಇವು ಹೆಚ್ಚು ವೆಚ್ಚದ ಕಾರ್ಯಗಳಲ್ಲ.

ಶಿಲೆಯ ಬಸದಿಯನ್ನು ಪೂರ್ವಿಕರು ಕಟ್ಟಿದರು. ಅದರ ಬಾಗಿಲನ್ನು ಪ್ರತಿನಿತ್ಯ ತೆರೆಯುವ ಕೈಗಳನ್ನು ಮನೆಯಲ್ಲಿಯೇ ಬೆಳೆಸಬೇಕು. ಪ್ರತಿಷ್ಠಾ ಮಹೋತ್ಸವದ ಈ ಪುಣ್ಯಸಂದರ್ಭದಲ್ಲಿ ಶ್ರಾವಕ ಶ್ರಾವಿಕೆಯರೆಲ್ಲರೂ ತಮ್ಮ ಮಕ್ಕಳ ಕೈಹಿಡಿದು ಗರ್ಭಗೃಹದ ಮುಂದೆ ನಿಲ್ಲುವಂತಾಗಲಿ. ಜಿನಧರ್ಮವು ಚಿರಕಾಲ ಬೆಳಗಲಿ.